ಹಿಮಾಲಯನ್: ಹಳೇದಾ, ಹೊಸದಾ?

ಪುತ್ತೂರು, ಸುಳ್ಯ, ಕಡಬದಲ್ಲಿ ನಾಲ್ಕು ಬೈಕಿನವರು ಸೇರಿದರೆ ಈ ತಕರಾರು ಉಂಟೇ ಉಂಟು: ಹಿಮಾಲಯನ್ 411 ಒಳ್ಳೇದಾ, 2023ರ ಕೊನೆಗೆ ಬಂದ 450 ಒಳ್ಳೇದಾ? ಅಂಕಿ ನೋಡಿದರೆ ತಕರಾರೇ ಬೇಡ. ಹಳೇದಕ್ಕೆ 24 ಚಿಲ್ಲರೆ ಕುದುರೆಶಕ್ತಿ, ಐದು ಗೇರು. ಹೊಸದಕ್ಕೆ 40ರ ಹತ್ತಿರ, ರೇಡಿಯೇಟರು, ಆರು ಗೇರು. ತೂಕವೂ ಮೂರು ಕೆಜಿ ಕಡಿಮೆ. ಬೆಂಗಳೂರಿಂದ ಹಾಸನದ ಹೈವೇ ಹಿಡಿದು ಊರಿಗೆ ಬರುವ ನನ್ನಂಥವನಿಗೆ 450 ಭಾರೀ ಆರಾಮ.

ಶಿರಾಡಿ ಇಳಿದ ಮೇಲೆ ಲೆಕ್ಕ ಬೇರೆ. ಹಳೇ ಗಾಡಿಯವರ ವಾದ ಎಳೆತದ್ದು: 411ರ ಪೂರ್ತಿ 32 ಎನ್‌ಎಂ 4,000–4,500 ಆರ್‌ಪಿಎಂನಲ್ಲೇ ಸಿಗುತ್ತದೆ, 450ರ 40 ಎನ್‌ಎಂಗೆ 5,500ರವರೆಗೆ ತಿರುಚಬೇಕು. ಇದು ನನಗೆ ಅರ್ಧ ಮಾತ್ರ ಒಪ್ಪಿಗೆ. ತುದಿ ಮೇಲೆ ಹೋಯಿತು ಅಂದರೆ ಕೆಳಗೆ ಎಳೆತ ಇಲ್ಲ ಅಂತಲ್ಲವಲ್ಲ!

ನನ್ನ ತಕರಾರು ಸೀಟಿನದ್ದು. 800 ಮಿ.ಮೀ. ಇದ್ದದ್ದು 825 ಆಗಿದೆ. ತಗ್ಗು ಸೀಟು ಬೇಕಾದರೆ ಬೇರೆ ದುಡ್ಡು. ಮಳೆಗಾಲದಲ್ಲಿ ತೋಟದ ಪಾಚಿ ಹಿಡಿದ ಇಳಿಜಾರಲ್ಲಿ, ಹಿಂದೆ ಗೋಣಿ ಕಟ್ಟಿಕೊಂಡು ನಿಂತವನಿಗೆ ಕಾಲು ನೆಲಕ್ಕೆ ಊರಬೇಕು, ಕುದುರೆಶಕ್ತಿ ಆಮೇಲೆ. ಕೊಲ್ಲಮೊಗ್ರದ ಕಡೆ ತೋಟ ಇರುವವ ಯಾರಾದರೂ ಕೇಳಿದರೆ, ಸೆಕೆಂಡ್ ಹ್ಯಾಂಡ್ 411 ಹುಡುಕು ಮಾರಾಯ ಅಂತಲೇ ಹೇಳುತ್ತೇನೆ.