ಮೊದಲು ಭಾಷೆಯ ಜಾಯಮಾನ

ಮೊದಲು ಸಿ ಕಲಿತುಬಿಟ್ಟರೆ ಉಳಿದ ಭಾಷೆಗಳೆಲ್ಲ ಬರೀ ಸಿಂಟ್ಯಾಕ್ಸ್ ಎಂಬ ವಾದ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಹಾಗೆ ಕಲಿತವರ ಪೈಥಾನ್ ಕೋಡ್ ನೋಡಿ. ಪಟ್ಟಿಯೊಂದರ ಹೆಸರುಗಳನ್ನು ಮುದ್ರಿಸಲು ಲೆನ್‌ನಿಂದ ಉದ್ದ ತೆಗೆದು, ಅದನ್ನು ರೇಂಜ್‌ಗೆ ಕೊಟ್ಟು, ಸೊನ್ನೆಯಿಂದ ಎಣಿಸುತ್ತಾ ಇಂಡೆಕ್ಸ್ ಹಿಡಿದು ಒಂದೊಂದೇ ಹೆಸರು ಹೆಕ್ಕುತ್ತಾರೆ. ಫಾರ್ ಲೂಪಿಗೆ ಪಟ್ಟಿಯನ್ನೇ ಕೊಟ್ಟರೆ ಹೆಸರುಗಳು ತಾವಾಗಿ ಬರುತ್ತವೆ. ಉತ್ತರ ಒಂದೇ ತಾನೆ, ವ್ಯತ್ಯಾಸ ಬರೀ ಅಂದಚೆಂದದ್ದು ಎನ್ನುವವರು ಪಟ್ಟಿಯ ಜಾಗದಲ್ಲಿ ದೊಡ್ಡದೊಂದು ಲಾಗ್ ಫೈಲ್ ಇಟ್ಟು ನೋಡಲಿ. ತೆರೆದ ಫೈಲಿಗೆ ಲೆನ್ ನಡೆಯುವುದಿಲ್ಲ, ಇಂಡೆಕ್ಸೂ ಇಲ್ಲ. ಎಣಿಸುವ ಅಭ್ಯಾಸದವರು ಸಾಲುಗಳನ್ನೆಲ್ಲ ಮೊದಲು ಮೆಮೊರಿಗೆ ತುಂಬಿಕೊಳ್ಳಬೇಕು. ನೇರ ಲೂಪಾದರೋ ರೂಪ ಬದಲಿಸದೆ ಸಾಲುಸಾಲಾಗಿ ಓದುತ್ತಾ ಹೋಗುತ್ತದೆ. ಸೆಟ್‌ಗೂ ಜನರೇಟರ್‌ಗೂ ಅದೇ ಲೂಪ್ ಸಾಕು. ಕ್ರಮಸಂಖ್ಯೆ ಬೇಕೆಂದರೆ ಎನ್ಯೂಮರೇಟ್ ಇದೆ. 2003ರಲ್ಲಿ ಬಂದ 2.3 ಆವೃತ್ತಿಯಿಂದಲೂ ಇದೆ.

ಒಳಗೆ ಏನು ನಡೆಯುತ್ತದೆಂದು ತಿಳಿಯದೆ ಬಳಸುವುದು ಬಾಯಿಪಾಠವಾಗುವುದಿಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಲೂಪಿನ ಒಳಗುಟ್ಟು ಇಂಡೆಕ್ಸ್ ಅಲ್ಲ. ಐಟರ್ ಒಂದು ಇಟರೇಟರನ್ನು ಕೊಡುತ್ತದೆ, ನೆಕ್ಸ್ಟ್ ಅದರಿಂದ ಮುಂದಿನದನ್ನು ಕೇಳುತ್ತದೆ, ಸ್ಟಾಪ್‌ಇಟರೇಷನ್ ಬಂದಾಗ ಲೂಪ್ ನಿಲ್ಲುತ್ತದೆ. ಹಾಗಾಗಿ ಸಿ ದಾರಿಯಲ್ಲಿ ಬಂದವನು ಪೈಥಾನಿನ ಯಂತ್ರವನ್ನೂ ತಪ್ಪಾಗಿಯೇ ಕಲ್ಪಿಸಿಕೊಳ್ಳುತ್ತಾನೆ.

ಇಷ್ಟಕ್ಕೂ ಸಿ ಪಂಥದವರು ತಮ್ಮ ಮೂಲಗ್ರಂಥವನ್ನೇ ಮತ್ತೊಮ್ಮೆ ತೆರೆಯಬೇಕು. ಕರ್ನಿಗನ್ ಮತ್ತು ರಿಚಿ 1978ರ ತಮ್ಮ ಪುಸ್ತಕದಲ್ಲಿ ಸ್ಟ್ರಿಂಗ್ ನಕಲು ಮಾಡುವ ಫಂಕ್ಷನ್ನನ್ನು ನಾಲ್ಕು ಸಲ ಬರೆಯುತ್ತಾರೆ. ಮೊದಲು ಅರೇ ಇಂಡೆಕ್ಸಿನಲ್ಲಿ. ಆಮೇಲೆ ಪಾಯಿಂಟರಿನಲ್ಲಿ ಮೂರು ಸಲ, ಪ್ರತಿ ಸಲವೂ ಇನ್ನಷ್ಟು ಬಿಗಿಯಾಗಿ. ಕೊನೆಗೆ ಉಳಿಯುವುದು ಒಂದೇ ವೈಲ್ ಸಾಲು: ಅಕ್ಷರ ನಕಲಾಗುವುದು, ಎರಡೂ ಪಾಯಿಂಟರ್ ಮುಂದೆ ಸರಿಯುವುದು, ಸೊನ್ನೆ ಬಂದರೆ ನಿಲ್ಲುವುದು ಎಲ್ಲವೂ ಅದರಲ್ಲೇ. ಇಂಡೆಕ್ಸಿನಿಂದಲೇ ತಾನೆ ಅವರೂ ಶುರುಮಾಡಿದ್ದು ಎಂದು ಕೇಳಬಹುದು, ನಿಜ. ಆದರೆ ಒಂದೇ ಪಾಠದೊಳಗೆ ಓದುಗನನ್ನು ಸಿ ಬಲ್ಲವರು ಬರೆಯುವ ಸಾಲಿನವರೆಗೆ ಕೈಹಿಡಿದು ಕರೆದೊಯ್ಯುತ್ತಾರೆ. ಆ ಬರವಣಿಗೆ ಕರಗತವಾಗಲೇಬೇಕೆಂದು ಒತ್ತಿ ಹೇಳುತ್ತಾರೆ. ಸಿ ಕಲಿಸಿದವರು ಸಿ ಜಾಯಮಾನಕ್ಕೆ ಕೊಟ್ಟ ಮರ್ಯಾದೆಯನ್ನೇ ಪೈಥಾನೂ ಕೇಳುತ್ತಿದೆ.

ಪೈಥಾನ್ ಪಾಠ ಮಾಡುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮೊದಲ ಲೂಪನ್ನು ಪಟ್ಟಿಯ ಮೇಲೆ ನೇರವಾಗಿ ನಡೆಸಿ, ಎರಡನೆಯದನ್ನು ಫೈಲಿನ ಮೇಲೆ. ರೇಂಜ್ ಆಮೇಲೆ ಬರಲಿ, ನಿಜಕ್ಕೂ ಸಂಖ್ಯೆಗಳೇ ಬೇಕಾದಾಗ.