ಸಿಲಬಸ್‌ನಲ್ಲಿ ಇಲ್ಲದ ವಿಷಯ

'ದ ಕಾಮ್‌ಸ್ಟಾಕ್ಸ್ ಆಫ್ ಕಾರ್ನೆಲ್' ಎಂಬ ಪುಸ್ತಕ ಎರಡು ಸಲ ಹುಟ್ಟಿದೆ. ಮೊದಲು 1953ರಲ್ಲಿ, ಆಮೇಲೆ 2020ರಲ್ಲಿ. ಬರೆದ ಆನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ ತೀರಿಕೊಂಡದ್ದು 1930ರಲ್ಲಿ. ಅಂದರೆ ಎರಡು ಸಲವೂ ಪ್ರೂಫ್ ನೋಡಲು ಲೇಖಕಿ ಇರಲಿಲ್ಲ. ತಮ್ಮ ಮತ್ತು ತಮ್ಮ ಗಂಡ, ಕೀಟಶಾಸ್ತ್ರಜ್ಞ ಜಾನ್ ಹೆನ್ರಿ ಕಾಮ್‌ಸ್ಟಾಕ್ ಅವರ ಬದುಕಿನ ಬಗ್ಗೆ ಆನಾ ಬರೆದ ಈ ಪುಸ್ತಕವನ್ನು ಸಾಮಾನ್ಯವಾಗಿ ಇಬ್ಬರು ದೊಡ್ಡವರ ಸಾಧನೆಯ ಕಥೆ ಎಂದು ಓದುತ್ತಾರೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಸಾಧನೆಗೆ ಮುಂಚಿನ ಭಾಗ: ಒಬ್ಬ ಬಡ ಹುಡುಗ, ಆಗಷ್ಟೇ ಬಾಗಿಲು ತೆರೆದ ಒಂದು ಕಾಲೇಜು, ಆ ಕಾಲೇಜಿನಲ್ಲಿ ಹೇಳಿಕೊಡಲು ಯಾರೂ ಇಲ್ಲದ ಒಂದು ವಿಷಯ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ 1862ರ ಮಾರಿಲ್ ಕಾಯ್ದೆಯ ಪ್ರಕಾರ ಒಕ್ಕೂಟ ಸರಕಾರ ರಾಜ್ಯಗಳಿಗೆ ಭೂಮಿ ಕೊಟ್ಟಿತು. ಅದನ್ನು ಮಾರಿ ಬಂದ ದುಡ್ಡಿನಲ್ಲಿ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸಬೇಕು ಎಂಬುದು ಕರಾರು. ನ್ಯೂಯಾರ್ಕ್ ರಾಜ್ಯದ ಪಾಲು ಹೋದದ್ದು ಇಥಾಕಾ ಊರಿನ ಕಾರ್ನೆಲ್‌ಗೆ. ಅಲ್ಲಿ ಪಾಠ ಶುರುವಾದದ್ದು 1868ರಲ್ಲಿ. ಯಾರು ಬೇಕಾದರೂ ಬಂದು ಯಾವ ವಿದ್ಯೆ ಬೇಕಾದರೂ ಕಲಿಯುವಂತಿರಬೇಕು ಎಂಬುದು ಸ್ಥಾಪಕ ಎಜ್ರಾ ಕಾರ್ನೆಲ್ ಅವರ ಆಸೆ. ಮರುವರ್ಷವೇ ಅಲ್ಲಿಗೆ ಬಂದ ಹೆನ್ರಿ ಕಾಮ್‌ಸ್ಟಾಕ್‌ಗೆ ಸ್ವಲ್ಪ ದಿನದಲ್ಲೇ ಕಲಿಯಬೇಕೆನಿಸಿದ ವಿದ್ಯೆ ಮಾತ್ರ ಅಲ್ಲಿರಲಿಲ್ಲ.

ಹೆನ್ರಿ ಹುಟ್ಟಿದ್ದು 1849ರಲ್ಲಿ, ವಿಸ್ಕಾನ್ಸಿನ್‌ನಲ್ಲಿ. ಅಪ್ಪ ಕ್ಯಾಲಿಫೋರ್ನಿಯಾದ ಚಿನ್ನದ ಆಸೆಗೆ ಬಂಡಿ ಕಟ್ಟಿಕೊಂಡು ಹೊರಟವನು ದಾರಿಯಲ್ಲೇ ಸತ್ತ. ಅಮ್ಮ ಮಗುವನ್ನು ಕಟ್ಟಿಕೊಂಡು ನ್ಯೂಯಾರ್ಕ್ ರಾಜ್ಯಕ್ಕೆ ಮರಳಿದಳು, ಕಾಯಿಲೆ ಬಿದ್ದಳು, ಮಗನನ್ನು ಬೇರೆಯವರ ಕೈಗೆ ಒಪ್ಪಿಸಿದಳು. ಕೊನೆಗೆ ಅವನಿಗೆ ನೆಲೆ ಸಿಕ್ಕಿದ್ದು ಆಸ್ವೆಗೊ ಕಡೆಯ ಟರ್ನರ್ ಎಂಬ ನಾವಿಕರ ಮನೆಯಲ್ಲಿ. ದೊಡ್ಡವನಾದಂತೆ ಬೇಸಿಗೆಯಲ್ಲಿ ಮಹಾ ಸರೋವರಗಳ ಹಾಯಿಹಡಗುಗಳಲ್ಲಿ ಅಡುಗೆಯವನಾಗಿ ದುಡಿದು, ಆ ದುಡ್ಡಿನಲ್ಲಿ ಓದಿದ. ಇದನ್ನು ಹೇಳುವಾಗ ಆನಾ ಕಣ್ಣೀರು ಹಾಕಿಸಲು ಹೋಗುವುದಿಲ್ಲ. ಕಷ್ಟಪಟ್ಟು ಮೇಲೆ ಬಂದವರ ಕಥೆಗಳಲ್ಲಿ ಬಡತನವೊಂದು ಪದಕವಾಗಿಬಿಡುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಸನ್ಮಾನ ಸಮಾರಂಭದ ಭಾಷಣಗಳಲ್ಲಿ ಅದಿಲ್ಲದಿದ್ದರೆ ಸಭೆಗೆ ಕಳೆಯೇ ಬರುವುದಿಲ್ಲ. ಇಲ್ಲಿ ಅಡುಗೆ ಕೆಲಸ ಅಂದರೆ ಅಡುಗೆ ಕೆಲಸ, ಅಷ್ಟೇ.

ಆ ಹಡಗಿನ ಕೆಲಸದ ನಡುವೆಯೇ, 1870ರ ಜುಲೈನಲ್ಲಿ, ಬಫಲೋ ಊರಿನ ಪುಸ್ತಕದಂಗಡಿಯಲ್ಲಿ ಹೆನ್ರಿಗೆ ಥಾಡಿಯಸ್ ವಿಲಿಯಂ ಹ್ಯಾರಿಸ್ ಬರೆದ, ಬೆಳೆಗೆ ಹಾನಿ ಮಾಡುವ ಕೀಟಗಳ ಪುಸ್ತಕ ಸಿಕ್ಕಿತು. ಬೆಲೆ ಹತ್ತು ಡಾಲರ್. ಹಡಗಿನ ಅಡುಗೆಯವನಿಗೆ ಅದು ಸಣ್ಣ ಮೊತ್ತವಲ್ಲ. ಕೊಂಡುಕೊಂಡ. ಕಾಮ್‌ಸ್ಟಾಕ್ ಬಗ್ಗೆ ಬರೆದವರೆಲ್ಲ ಈ ಪ್ರಸಂಗವನ್ನು ಹೇಳಿಯೇ ಹೇಳುತ್ತಾರೆ. ಅದಕ್ಕೆ ಆಧಾರ, ಅದೇ ಪುಸ್ತಕದೊಳಗೆ ಹೆನ್ರಿ ತನ್ನ ಕೈಯಲ್ಲಿ ಬರೆದಿಟ್ಟ ಟಿಪ್ಪಣಿ: ಇದನ್ನು ನೋಡುವ ಮೊದಲು ಕೀಟಗಳ ಕಡೆ ತನ್ನ ಯೋಚನೆಯೇ ಹರಿದಿರಲಿಲ್ಲ, ಕೊಂಡ ಗಳಿಗೆಯಿಂದ ಇದೇ ತನ್ನ ಜೀವಮಾನದ ಕೆಲಸವಾಗಲಿ ಅನ್ನಿಸಿತು ಎಂಬ ಅರ್ಥದ ಮಾತು.

ಓದಲು ಚೆಂದ. ಆದರೆ ಟಿಪ್ಪಣಿಯ ತಾರೀಖು ನೋಡಿ: 1876ರ ನವೆಂಬರ್. ಪುಸ್ತಕ ಕೊಂಡು ಆರು ವರ್ಷವಾದ ಮೇಲೆ. ಅಷ್ಟು ಹೊತ್ತಿಗೆ ಅಡುಗೆಯ ಹುಡುಗ ಕಾರ್ನೆಲ್‌ನಲ್ಲಿ ಪಾಠ ಹೇಳುವವನಾಗಿದ್ದ. 1870ರ ಆ ರಾತ್ರಿಯೇ ಡೈರಿ ಬರೆದಿದ್ದರೆ ಅದರಲ್ಲಿ ಹತ್ತು ಡಾಲರ್ ಹೋಯಿತಲ್ಲ ಎಂಬ ಸಂಕಟ ಇರುತ್ತಿತ್ತೋ ಏನೋ. ಅಂದಂದಿನ ದಿನಚರಿ ಬರೆಯುವವನಿಗೆ ತಾನು ಮುಂದೆ ಏನಾಗುತ್ತೇನೆ ಎಂಬುದು ತಿಳಿದಿರುವುದಿಲ್ಲ. ಆರು ವರ್ಷದ ನಂತರ ಬರೆಯುವವನಿಗೆ ಉತ್ತರ ಗೊತ್ತು. ಉತ್ತರ ಗೊತ್ತಿದ್ದವನು ಲೆಕ್ಕ ಮಾಡಿದಂತೆ, ಹೆಜ್ಜೆಗಳೆಲ್ಲ ನೇರವಾಗಿ ಬರುತ್ತವೆ. ಹೆನ್ರಿ ಸುಳ್ಳು ಬರೆದ ಎಂದು ನಾನು ಹೇಳುತ್ತಿಲ್ಲ. ಒಬ್ಬ ವಿಜ್ಞಾನಿ 'ಆ ಕ್ಷಣದಲ್ಲಿ' ಹುಟ್ಟಿದ ಎನ್ನುವ ಕಥೆಗೆ ನಮ್ಮ ಕಿವಿ ಬಲುಬೇಗ ಸೋಲುತ್ತದೆ, ಅದೊಂದು ಎಚ್ಚರ ಇರಲಿ ಎನ್ನುತ್ತಿದ್ದೇನೆ. ಯಾಕೆಂದರೆ ನಿಜವಾದ ಕೆಲಸ ನಡೆದದ್ದು ಆ ಕ್ಷಣ ಕಳೆದ ಮೇಲಿನ ಮೂರು ನಾಲ್ಕು ವರ್ಷಗಳಲ್ಲಿ.

ಆ ವರ್ಷಗಳು ಹೇಗಿದ್ದವು? ಕೀಟಶಾಸ್ತ್ರದ ಮೇಷ್ಟ್ರಿಲ್ಲ, ತರಗತಿಯಿಲ್ಲ. ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಬರ್ಟ್ ವೈಲ್ಡರ್ ತಮ್ಮ ಪ್ರಯೋಗಶಾಲೆಯಲ್ಲಿ ಹುಡುಗನಿಗೆ ಜಾಗ ಮಾಡಿಕೊಟ್ಟರು. 1872ರಲ್ಲಿ ಹದಿಮೂರು ವಿದ್ಯಾರ್ಥಿಗಳು ಸೇರಿ ಕಾಲೇಜಿಗೆ ಒಂದು ಅರ್ಜಿ ಕೊಟ್ಟರು: ಕಾಮ್‌ಸ್ಟಾಕ್ ನಮಗೆ ಕೀಟಗಳ ಬಗ್ಗೆ ಉಪನ್ಯಾಸ ಕೊಡಲಿ, ಅದಕ್ಕೆ ಅನುಮತಿ ಬೇಕು. ಕಾಮ್‌ಸ್ಟಾಕ್ ಇನ್ನೂ ಅವರ ಜೊತೆಯಲ್ಲೇ ಬೆಂಚಿನ ಮೇಲೆ ಕೂರುತ್ತಿದ್ದ ಹುಡುಗ, ಪದವಿ ಬಂದದ್ದು 1874ರಲ್ಲಿ. ಕಾಲೇಜು ಒಪ್ಪಿತು! ಆ ಬೇಸಿಗೆ ಅವನು ಹಾರ್ವರ್ಡ್‌ಗೆ ಹೋಗಿ ಹೇಗನ್ ಅವರ ಕೈಕೆಳಗೆ ಕಲಿತು ಬಂದ. ಮರುವರ್ಷ, ಪದವಿ ಕೈಗೆ ಬರುವ ಮೊದಲೇ, ಬೋಧಕನಾಗಿ ನೇಮಕವಾಯಿತು. ಖರ್ಚಿಗೆ ಕಾಲೇಜಿನ ಗಂಟೆಗಳನ್ನು ಬಾರಿಸುವ ಕೆಲಸ, ವಾಸಕ್ಕೆ ಆ ಗಂಟೆಗಳಿದ್ದ ಮೆಗ್ರಾ ಕಟ್ಟಡದ ಗೋಪುರದಲ್ಲೇ ಒಂದು ಕೋಣೆ.

ನನ್ನ ಮಟ್ಟಿಗೆ ಪುಸ್ತಕದ ನಿಜವಾದ ತಿರುವು ಈ ಅರ್ಜಿ. ಪುಸ್ತಕದಂಗಡಿಯಲ್ಲಿ ಹುಡುಗನೊಬ್ಬನಿಗೆ ಹುಚ್ಚು ಹಿಡಿಯುವುದು ಎಲ್ಲ ಕಾಲದಲ್ಲೂ ನಡೆಯುತ್ತದೆ. ಆ ಹುಚ್ಚಿಗೆ ಹದಿಮೂರು ಜನ ಸಹಿ ಹಾಕುವುದು, ಆ ಹಾಳೆಯನ್ನು ಪ್ರಾಧ್ಯಾಪಕರು ಕಸದ ಬುಟ್ಟಿಗೆ ಹಾಕದಿರುವುದು ಅಪರೂಪ. ಕಾಲೇಜಿಗೆ ಆಗ ನಾಲ್ಕು ವರ್ಷ ವಯಸ್ಸು. ಹೀಗೇ ಮಾಡಬೇಕು ಎಂಬ ರೂಢಿ ಇನ್ನೂ ಗಟ್ಟಿಯಾಗಿರಲಿಲ್ಲ. ನಮ್ಮಲ್ಲಿ ಅನೇಕರು ಸಿಇಟಿ ರ‍್ಯಾಂಕು ತೋರಿಸಿದ ಸೀಟಿಗೆ ಹೋಗಿ, ಆಮೇಲೆ ಅದೇ ನಮ್ಮ ಆಸಕ್ತಿ ಎಂದು ಬಯೋಡೇಟಾದಲ್ಲಿ ಬರೆದವರು. ಸಿಲಬಸ್‌ನಲ್ಲಿ ಇಲ್ಲದ್ದನ್ನು ಕೇಳಬಹುದು, ಅದೂ ಸಹಪಾಠಿಯ ಬಾಯಿಂದ, ಎನ್ನುವುದು ಎಂಟೆಕ್ ಮುಗಿಯುವವರೆಗೂ ನನ್ನ ತಲೆಗೆ ಹೊಳೆದಿರಲಿಲ್ಲ.

ಇದನ್ನು ಓದುವಾಗ 'ಕರ್ವಾಲೊ' ನೆನಪಾಗದೆ ಇರದು. ತೇಜಸ್ವಿಯವರ ಆ ಕಾದಂಬರಿಯಲ್ಲಿ ಜೇನು ಹಿಡಿಯುವ ಮಂದಣ್ಣನೊಳಗೆ ಒಬ್ಬ ಹುಟ್ಟು ಪ್ರಕೃತಿವಿಜ್ಞಾನಿ ಇದ್ದಾನೆ ಎಂದು ಕಂಡದ್ದು ಕರ್ವಾಲೊ ಒಬ್ಬರಿಗೆ. ಊರಿನ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ಕಥೆ ಹೇಳುವವರಿಗೂ ಮೊದಮೊದಲು ವಿಜ್ಞಾನಿಯ ಈ ಅಕ್ಕರೆ ಅರ್ಥವಾಗುವುದಿಲ್ಲ. ಹಡಗಿನ ಅಡುಗೆಮನೆಯ ಹೆನ್ರಿಗೂ ಮಂದಣ್ಣನಿಗೂ ಕಣ್ಣಿನಲ್ಲಿ ದೊಡ್ಡ ವ್ಯತ್ಯಾಸ ಇರಲಾರದು. ಒಬ್ಬನಿಗೆ ಒಬ್ಬ ಕರ್ವಾಲೊ ಸಿಕ್ಕಿದರು. ಇನ್ನೊಬ್ಬನಿಗೆ ವೈಲ್ಡರ್, ಹದಿಮೂರು ಸಹಿ, ಗೋಪುರದ ಕೋಣೆ, ಗಂಟೆ ಬಾರಿಸಿದ್ದಕ್ಕೆ ಸಂಬಳ ಎಲ್ಲವೂ ಒಟ್ಟಿಗೆ ಸಿಕ್ಕವು. ತೇಜಸ್ವಿ ವಿಜ್ಞಾನಿಯ ಕಣ್ಣನ್ನು ತೋರಿಸುತ್ತಾರೆ. ಆನಾ, ಬಹುಶಃ ತಾವು ಹಾಗೆ ಮಾಡುತ್ತಿದ್ದೇನೆಂದು ತಿಳಿಯದೆಯೇ, ಆ ಕಣ್ಣಿಗೆ ಊಟ ವಸತಿ ಎಲ್ಲಿಂದ ಬಂತು ಎಂಬುದನ್ನೂ ತೋರಿಸುತ್ತಾರೆ.

ಈಗ ಆನಾ ವಿಷಯ. ಅವರು 1854ರಲ್ಲಿ ಹುಟ್ಟಿದವರು, ಕಾರ್ನೆಲ್‌ಗೆ ಬಂದದ್ದು 1874ರಲ್ಲಿ, ಅಲ್ಲಿ ಹೆಣ್ಣುಮಕ್ಕಳು ಇನ್ನೂ ಬೆರಳೆಣಿಕೆಯಷ್ಟಿದ್ದಾಗ. ಹೆನ್ರಿಯ ತರಗತಿಯಲ್ಲಿ ವಿದ್ಯಾರ್ಥಿನಿಯಾಗಿದ್ದರು. 1878ರಲ್ಲಿ ಮದುವೆ. ಹೆನ್ರಿಯ ಪುಸ್ತಕಗಳಿಗೆ ಕೀಟಗಳ ಚಿತ್ರ ಬರೆದರು, ಮರದ ಮೇಲೆ ಕೆತ್ತಿ ಅಚ್ಚು ಮಾಡುವ ವಿದ್ಯೆಯನ್ನು ಅದಕ್ಕಾಗಿಯೇ ಕಲಿತರು, ನಡುವೆ ನಿಂತಿದ್ದ ತಮ್ಮ ಪದವಿಯನ್ನು 1885ರಲ್ಲಿ ಮುಗಿಸಿಕೊಂಡರು. 1879ರಿಂದ 1881ರವರೆಗೆ ಹೆನ್ರಿ ವಾಷಿಂಗ್ಟನ್‌ನಲ್ಲಿ ಕೃಷಿ ಇಲಾಖೆಯ ಮುಖ್ಯ ಕೀಟಶಾಸ್ತ್ರಜ್ಞರಾಗಿದ್ದಾಗಲೂ ಕಚೇರಿಯಲ್ಲಿ ಕೈಜೋಡಿಸಿದವರು ಆನಾ. ಶಲ್ಕ ಕೀಟಗಳ ಮೇಲೆ ಹೆನ್ರಿ ದೊಡ್ಡ ಕೆಲಸ ಮಾಡಿದ್ದು ಆ ಕಾಲದಲ್ಲಿ. ಇವತ್ತಿಗೂ ಕಾಶ್ಮೀರದ ಸೇಬಿನ ತೋಟಗಳನ್ನು ಕಾಡುವ ಸ್ಯಾನ್ ಹೋಸೆ ಶಲ್ಕ ಕೀಟಕ್ಕೆ ವೈಜ್ಞಾನಿಕ ಹೆಸರಿಟ್ಟು ವಿವರಿಸಿದವರು ಅವರೇ, 1881ರಲ್ಲಿ.

ಹೀಗಾಗಿ ಭಾವೀ ಕೀಟಶಾಸ್ತ್ರಜ್ಞನ ವಿದ್ಯಾರ್ಥಿ ದಿನಗಳನ್ನು ನಮಗೆ ಹೇಳುತ್ತಿರುವವರು ಆ ದಿನಗಳನ್ನು ಕಂಡವರಲ್ಲ, ಕೇಳಿದವರು. ಮನೆಯಲ್ಲಿ ಐವತ್ತು ವರ್ಷ ಕೇಳಿಸಿಕೊಂಡ ಕಥೆಗೆ ಒಂದು ನುಣುಪು ಬಂದಿರುತ್ತದೆ. ಪುಸ್ತಕದ ದೌರ್ಬಲ್ಯ ಇಲ್ಲಿದೆ ಎನ್ನುವುದು ನನ್ನ ತಕರಾರು. ಹುಡುಗ ಹೆನ್ರಿ ತಪ್ಪು ದಾರಿ ಹಿಡಿದದ್ದು, ಬೇಸರಪಟ್ಟದ್ದು, ಇದೆಲ್ಲ ಬಿಟ್ಟು ಹಡಗಿಗೇ ಹೋಗಿಬಿಡಲೇ ಎಂದುಕೊಂಡದ್ದು ಇದ್ದಿರಲೇಬೇಕಲ್ಲ? ಪ್ರೀತಿಯ ಹೆಂಡತಿಯ ಲೇಖನಿಯಲ್ಲಿ ಅದಕ್ಕೆ ಜಾಗ ಕಡಿಮೆ. ಇನ್ನೊಂದು ಕಡೆ ತಮ್ಮ ವಿಷಯ ಬಂದಾಗ ಆನಾಗೆ ಎಲ್ಲಿಲ್ಲದ ಸಂಕೋಚ. 1899ರಲ್ಲಿ ಅವರನ್ನು ಸಹಾಯಕ ಪ್ರಾಧ್ಯಾಪಕಿ ಎಂದು ನೇಮಿಸಿದರು. ಹೆಂಗಸಿಗೆ ಆ ಹುದ್ದೆಯೇ ಎಂದು ಆಡಳಿತ ಮಂಡಳಿಯ ಕೆಲವರು ತಕರಾರು ತೆಗೆದರು, ಹುದ್ದೆ ಇಳಿದು ಉಪನ್ಯಾಸಕಿ ಎಂದಾಯಿತು. ಅದು ಮರಳಿ ಸಿಕ್ಕಿದ್ದು 1913ರಲ್ಲಿ, ಪೂರ್ಣ ಪ್ರಾಧ್ಯಾಪಕಿಯಾದದ್ದು 1920ರಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ ಒಬ್ಬನಿಗೆ ಪಾಠ ಮಾಡಲು ಬಿಟ್ಟ ಸಂಸ್ಥೆ ಇದೇ. ಅದೇ ಗೋಪುರ, ಅದೇ ಗಂಟೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸಿಟ್ಟಾಗುವ ಕೆಲಸವನ್ನು ಆನಾ ಓದುಗರಿಗೇ ಬಿಟ್ಟಿದ್ದಾರೆ.

1953ರ ಆವೃತ್ತಿಯನ್ನು ಸಂಪಾದಿಸಿದವರು ಗ್ಲೆನ್ ಹೆರಿಕ್ ಮತ್ತು ರೂಬಿ ಗ್ರೀನ್ ಸ್ಮಿತ್. ಹೆರಿಕ್ ಅದೇ ಕಾರ್ನೆಲ್‌ನ ಕೀಟಶಾಸ್ತ್ರದ ಪ್ರಾಧ್ಯಾಪಕ. ಹಸ್ತಪ್ರತಿಯಲ್ಲಿದ್ದ ಎಷ್ಟೋ ಜನ, ಪ್ರಸಂಗ, ಆನಾ ಅವರ ಸ್ವಂತ ಅನಿಸಿಕೆಗಳು ಆ ಅಚ್ಚಿನಿಂದ ಹೊರಗುಳಿದವು. 2020ರಲ್ಲಿ ಕ್ಯಾರೆನ್ ಪೆಂಡರ್ಸ್ ಸೇಂಟ್ ಕ್ಲೇರ್ ಇಡೀ ಹಸ್ತಪ್ರತಿಯನ್ನು ಆನಾ ಬರೆದಂತೆಯೇ ಮತ್ತೆ ಟೈಪ್ ಮಾಡಿ, ಬಿಟ್ಟುಹೋದದ್ದನ್ನು ತಂದು ಸೇರಿಸಿದರು. ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಸಾಲು ಅಳಿಸಿದರೂ ಯಾರು, ಯಾವತ್ತು, ಯಾಕೆ ಎಂದು ದಾಖಲೆ ಇರುತ್ತದೆ. ಪುಸ್ತಕದಲ್ಲಿ ತೆಗೆದ ಸಾಲು ಓದುವವನ ಕಣ್ಣಿಗೆ ಬೀಳುವುದೇ ಇಲ್ಲ. ಉಳಿದದ್ದೇ ಪೂರ್ತಿ ಎಂದು ನಂಬುತ್ತೇವೆ. ಅರುವತ್ತೇಳು ವರ್ಷ ಹಾಗೆಯೇ ನಂಬಿದ್ದರು.

ಹಳೆಯ ಸಂಪಾದಕರ ಪರವಾಗಿಯೂ ಒಂದು ಮಾತು. ಹೊಸ ಆವೃತ್ತಿ ದಪ್ಪ. ಊಟಕ್ಕೆ ಯಾರು ಬಂದರು, ಯಾವ ಊರಿಗೆ ಯಾವ ರೈಲಿನಲ್ಲಿ ಹೋದರು ಎಂಬ ವಿವರಗಳಲ್ಲಿ ಕಾರ್ನೆಲ್‌ನ ಪರಿಚಯವಿಲ್ಲದವರು ಕೆಲವು ಕಡೆ ಆಕಳಿಸುತ್ತಾರೆ, ನಾನೂ ಆಕಳಿಸಿದ್ದೇನೆ. ಹೆರಿಕ್‌ಗೆ ಬೇಕಾಗಿದ್ದದ್ದು ಒಂದು ವಿಭಾಗದ ಗೌರವಾನ್ವಿತ ಚರಿತ್ರೆ ಇರಬಹುದು. ಆದರೆ ಇದು ಹೆಂಗಸೊಬ್ಬರು ತಮ್ಮ ಕೈಯಾರೆ ಬರೆದ ಸ್ವಂತ ಬದುಕು. ಅದರಲ್ಲಿ ಬೇಸರ ಹುಟ್ಟಿಸುವ ಪುಟವನ್ನು ದಾಟಿ ಹೋಗುವ ಹಕ್ಕು ಓದುಗನದು, ಸಂಪಾದಕರದಲ್ಲ. ಎರಡರಲ್ಲಿ ಒಂದನ್ನೇ ಓದುವ ಪುರುಸೊತ್ತಿದ್ದವರು 2020ರದನ್ನೇ ಓದಲಿ.

ಪ್ರಕಾಶಕರು ಬೇಡವೆಂದ ಕಥೆಯೂ ಇವರ ಮನೆಯಲ್ಲೇ ಇದೆ. ಆನಾ ಅವರ 'ಹ್ಯಾಂಡ್‌ಬುಕ್ ಆಫ್ ನೇಚರ್ ಸ್ಟಡಿ', ಮಕ್ಕಳಿಗೆ ಹುಳ, ಹಕ್ಕಿ, ಗಿಡ ತೋರಿಸಲು ಮೇಷ್ಟ್ರುಗಳಿಗಾಗಿ ಬರೆದ ಒಂಬೈನೂರು ಪುಟ ಮೀರಿದ ಪುಸ್ತಕ. ಕೊನೆಗೆ ಅದನ್ನು 1911ರಲ್ಲಿ ತಮ್ಮದೇ ಕಾಮ್‌ಸ್ಟಾಕ್ ಪ್ರಕಾಶನದಿಂದ ಹೊರತಂದರು, ನಷ್ಟವಾಗುವುದು ಖಂಡಿತ ಎಂದುಕೊಂಡೇ. ಗಂಡನ ಪುಸ್ತಕಗಳನ್ನೆಲ್ಲ ಹಿಂದೆ ಹಾಕಿ ಅದು ಇವತ್ತಿಗೂ ಮಾರಾಟವಾಗುತ್ತಿದೆ.

ಹೊಸ ಆವೃತ್ತಿಯಲ್ಲಿ ಪೂರ್ತಿಯಾಗಿ ಸಿಗುವ ಇನ್ನೊಂದು ಭಾಗ ಕೊನೆಯ ವರ್ಷಗಳದ್ದು. 1926ರಲ್ಲಿ ಹೆನ್ರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಹದಿಮೂರು ಜನ ಅರ್ಜಿ ಬರೆದು ಕೇಳಲು ಬಯಸಿದ್ದ ಉಪನ್ಯಾಸಕ ಆಮೇಲಿನ ವರ್ಷಗಳನ್ನು ಮಾತಿಲ್ಲದೆ ಕಳೆದ. ಪಕ್ಕದಲ್ಲಿ ಆನಾ ಇದ್ದರು. 1930ರ ಆಗಸ್ಟ್‌ನಲ್ಲಿ ಅವರೇ ಮೊದಲು ಹೋದರು. ಹೆನ್ರಿ 1931ರ ಮಾರ್ಚ್‌ವರೆಗೆ ಇದ್ದರು.