ಟೋಲ್‌ಗೇಟಿನಲ್ಲಿ ನಿಂತ ಪೆಟ್ಟಿಗೆ

ಕರಾವಳಿಯ ಹೆಜಮಾಡಿ ಟೋಲ್‌ಗೇಟಿನ ಸಾಲಿನಲ್ಲಿ ಕಾರು, ಬಸ್ಸು, ಮೀನಿನ ಟೆಂಪೋಗಳ ನಡುವೆ ಆಗಾಗ ಒಂದು ಕಂಟೇನರ್ ಲಾರಿಯೂ ನಿಂತಿರುತ್ತದೆ. ಪೆಟ್ಟಿಗೆಯ ಮೇಲೆ ಏಳು ಮೂಲೆಯ ನಕ್ಷತ್ರವಿದ್ದರೆ ಅದು ಡೆನ್ಮಾರ್ಕಿನ ಮರ್ಸ್ಕ್ ಕಂಪನಿಯದು. 1904ರಲ್ಲಿ ಸ್ವೆಂಡ್‌ಬೋರ್ಗ್ ಎಂಬ ಸಣ್ಣ ಊರಿನಲ್ಲಿ, ಒಂದು ಹಳೆಯ ಉಗಿಹಡಗಿನಿಂದ ಶುರುವಾದ ಸಂಸಾರ ಅದು.

ಲಾರಿಯ ಹಿಂಬದಿ ನೋಡಬೇಕು.

ಬಾಗಿಲ ಮೇಲೆ ನಾಲ್ಕು ಅಕ್ಷರ, ಏಳು ಅಂಕಿ. ಕೊನೆಯ ಅಂಕಿ ತಾಳೆ ನೋಡುವುದಕ್ಕೆ. ಮೊದಲಿನವುಗಳಲ್ಲಿ ಒಂದನ್ನು ತಪ್ಪಾಗಿ ಬರೆದುಕೊಂಡರೂ ಸಾಮಾನ್ಯವಾಗಿ ಲೆಕ್ಕ ಕೂಡುವುದಿಲ್ಲ. ಎಂಟೂ ಮೂಲೆಗಳಲ್ಲಿ ತೂತುಗಳಿರುವ ಉಕ್ಕಿನ ಗಟ್ಟಿ. ಕ್ರೇನು ಎತ್ತುವುದು, ಲಾರಿಗೆ ಬಿಗಿಯುವುದು, ಹಡಗಿನಲ್ಲಿ ಒಂದರ ಮೇಲೊಂದು ಪೇರಿಸಿ ಕಚ್ಚಿಸುವುದು, ಎಲ್ಲಕ್ಕೂ ಈ ತೂತುಗಳೇ ಆಧಾರ. ಜಾಣತನವೆಲ್ಲ ಅಲ್ಲಿದೆ.

ಈ ಪೆಟ್ಟಿಗೆಯನ್ನು ಬಳಕೆಗೆ ತಂದವನು ನಾವಿಕನಲ್ಲ, ಲಾರಿ ಮಾಲೀಕ. ಅಮೆರಿಕದ ಮಾಲ್ಕಮ್ ಮೆಕ್‌ಲೀನ್ 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಬಿಡಿ ಸರಕು ತುಂಬಲು ಆಗ ಟನ್ನಿಗೆ 5.86 ಡಾಲರ್ ಬೀಳುತ್ತಿತ್ತು. ಪೆಟ್ಟಿಗೆಯಲ್ಲಿ 16 ಸೆಂಟ್ ಸಾಕಾಯಿತು. ಅವನು ಕಟ್ಟಿದ ಸೀಲ್ಯಾಂಡ್ ಕಂಪನಿಯ ಅಂತರರಾಷ್ಟ್ರೀಯ ವಹಿವಾಟನ್ನು 1999ರಲ್ಲಿ ಮರ್ಸ್ಕ್ ಕೊಂಡಿತು.

ಹೆಜಮಾಡಿಯಿಂದ ಶಾಂಭವಿ ಹೊಳೆ ದಾಟಿ ದಕ್ಷಿಣಕ್ಕೆ ಹೋದರೆ ಪಣಂಬೂರು. 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರು ಅಲ್ಲಿದೆ. ಮಲೆನಾಡಿನ ಕಾಫಿ, ಕರಾವಳಿಯ ಗೋಡಂಬಿ ಅಲ್ಲಿ ಪೆಟ್ಟಿಗೆಯಲ್ಲೇ ಹಡಗು ಹತ್ತುತ್ತವೆ. ಮೀನಿಗೆ ಶೀತಲ ಪೆಟ್ಟಿಗೆ ಬೇಕು. ಹಡಗಿನ ಮೇಲೂ ಅದಕ್ಕೆ ಕರೆಂಟು ಕೊಡುತ್ತಿರಬೇಕು.

ಮುಂದಿನ ಸಲ ಟೋಲಿನಲ್ಲಿ ಹಾರ್ನ್ ಒತ್ತುವ ಮೊದಲು, ಮುಂದೆ ನಿಂತ ಪೆಟ್ಟಿಗೆಯ ಹನ್ನೊಂದು ಗುರುತುಗಳನ್ನು ಒಮ್ಮೆ ಓದಿ ನೋಡಿ.